ಏರ್ ರೈಫಲ್: ನಿಖರತೆ ಮತ್ತು ಆಯ್ಕೆ

ಏರ್ ರೈಫಲ್ ಎಂದರೆ ಮದ್ದಿನ ಸ್ಫೋಟವಿಲ್ಲದೆ, ಒತ್ತಿ ಹಿಡಿದ ಗಾಳಿಯ ಅಥವಾ ಅನಿಲದ ಬಲದಿಂದ ಸೀಸದ ಪುಟ್ಟ ಗುಂಡನ್ನು ಹಾರಿಸುವ ಬಂದೂಕು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದಿರುವುದರಿಂದ ಗುಂಡು ತನ್ನ ಅಕ್ಷದ ಸುತ್ತ ತಿರುಗುತ್ತ ಹೊರಬೀಳುತ್ತದೆ. ಗೀರಿಲ್ಲದ ನಳಿಗೆಯ ಆಟದ ಏರ್‌ಗನ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಪೆಲೆಟ್ ಎಂದು ಕರೆಯುವ ಈ ಗುಂಡಿನ ತೂಕ ಸಾಮಾನ್ಯವಾಗಿ ಅರ್ಧ ಗ್ರಾಮಿನಿಂದ ಒಂದು ಗ್ರಾಮಿನವರೆಗೆ ಇರುತ್ತದೆ. ಬಳಕೆಯಲ್ಲಿರುವ ಅಳತೆಗಳು ಹಲವು. ಹೆಚ್ಚು ಪ್ರಚಲಿತವಾದವು ಎರಡು: 4.5 ಮಿ.ಮೀ., ಅಂದರೆ .177, ಮತ್ತು 5.5 ಮಿ.ಮೀ., ಅಂದರೆ .22. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆ, ಬ್ರಿಟನ್ನಿನ ಹೊಲಗಳಲ್ಲಿ ಮೊಲ ಮತ್ತು ಕಾಡುಪಾರಿವಾಳಗಳ ಬೇಟೆ, ಮನೆಯ ಹಿತ್ತಲಿನಲ್ಲಿ ಕಾಗದಕ್ಕೆ ಗುರಿಯಿಡುವ ಹವ್ಯಾಸ, ನಮ್ಮ ಜಾತ್ರೆಗಳ ಬಲೂನಿನ ಅಂಗಡಿ, ಇವೆಲ್ಲದರಲ್ಲೂ ಕಾಣುವುದು ಈ ಒಂದೇ ಕುಟುಂಬದ ಬಂದೂಕುಗಳು. ಬಲೂನಿನ ಅಂಗಡಿಯದನ್ನು ಮಾತ್ರ ನಿಖರತೆಯ ಚರ್ಚೆಯಿಂದ ಹೊರಗಿಡುವುದು ಒಳ್ಳೆಯದು. ಸವೆದ ನಳಿಗೆ, ಓರೆಯಾದ ಮುಂಗುರಿ, ದಣಿದ ಸ್ಪ್ರಿಂಗು ಮೂರೂ ಸೇರಿದಾಗ ಗುರಿ ತಪ್ಪಿದ್ದು ಯಾರ ದೋಷವೆಂದು ಹೇಳಲಾಗದು.

ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ಅದರ ಪವರ್ ಎಷ್ಟು ಎಂದು. ನಿಖರತೆಗೂ ಆ ಪ್ರಶ್ನೆಗೂ ನಂಟು ಕಡಿಮೆ. ಒಂದು ಪೆಲೆಟ್ ಹೋದ ಹಾದಿಯಲ್ಲೇ ಮುಂದಿನದೂ, ಅದರ ಮುಂದಿನದೂ ಹೋಗುವುದೇ ನಿಖರತೆ. ಗಾಳಿಯ ಒತ್ತಡ ಪ್ರತಿ ಸಲವೂ ಒಂದೇ ಆಗಿರಬೇಕು, ಪೆಲೆಟ್ ನಳಿಗೆಯಲ್ಲಿ ಒಂದೇ ಬಿಗಿಯಲ್ಲಿ ಕೂರಬೇಕು, ಟ್ರಿಗರ್ ಒಂದೇ ಭಾರಕ್ಕೆ ಬಿಡಬೇಕು, ಹಿಡಿದವರ ಭುಜ ಮತ್ತು ಕೆನ್ನೆ ಒಂದೇ ಜಾಗದಲ್ಲಿ ತಾಗಬೇಕು. ಜಗತ್ತಿನ ಅತ್ಯಂತ ನಿಖರ ಏರ್ ರೈಫಲ್‌ಗಳು ಶಕ್ತಿಯ ಲೆಕ್ಕದಲ್ಲಿ ತೀರ ಸೌಮ್ಯವಾದವು ಎಂಬುದು ಇದರ ನೇರ ಪರಿಣಾಮ.

ಹಿನ್ನೆಲೆ

ಗಾಳಿಬಂದೂಕು ಹುಟ್ಟಿದ್ದು ಆಟಕ್ಕಲ್ಲ. 1780ರ ಸುಮಾರಿಗೆ ಟಿರೋಲ್ ಪ್ರಾಂತ್ಯದ ಬಾರ್ತೊಲೊಮೆಯುಸ್ ಗಿರಾರ್ಡೋನಿ ರೂಪಿಸಿದ ರೈಫಲನ್ನು ಆಸ್ಟ್ರಿಯಾದ ಸೇನೆ ಬಳಸಿತು. ಅದರ ಹಿಂಬದಿಯೇ ಗಾಳಿ ತುಂಬುವ ಕಬ್ಬಿಣದ ಪಾತ್ರೆ. ಅದನ್ನು ತುಂಬಲು ಕೈಪಂಪನ್ನು ಸಾವಿರಕ್ಕೂ ಹೆಚ್ಚು ಸಲ ಒತ್ತಬೇಕಿತ್ತು. ಒಮ್ಮೆ ತುಂಬಿದರೆ ಇಪ್ಪತ್ತಕ್ಕೂ ಹೆಚ್ಚು ಗುಂಡುಗಳನ್ನು ಹೊಗೆಯಿಲ್ಲದೆ, ಮಳೆಗೆ ಅಂಜದೆ ಹಾರಿಸಬಹುದಿತ್ತು. ಆ ಕಾಲದ ಮದ್ದಿನ ಬಂದೂಕಿಗೆ ಇದು ಅಸಾಧ್ಯವಾದ ಮಾತು. ಆದರೆ ಬೆಸುಗೆ ಬಿಡುವ ಪಾತ್ರೆಗಳು, ಸೋರುವ ಚರ್ಮದ ಮುಚ್ಚಳಗಳು, ಯುದ್ಧಭೂಮಿಯಲ್ಲಿ ಪಂಪು ಹೊಡೆಯುವ ತಾಪತ್ರಯ ಸೇರಿ ಅದನ್ನು ಸೇನೆಯಿಂದ ಹೊರಹಾಕಿದವು. ಅಮೆರಿಕದ ಪಶ್ಚಿಮ ಕರಾವಳಿಯತ್ತ 1803ರಿಂದ 1806ರವರೆಗೆ ಪಯಣಿಸಿದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಬಳಿಯೂ ಒಂದು ಗಾಳಿಬಂದೂಕಿತ್ತು. ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳ ಮುಂದೆ ಅದನ್ನು ಹಾರಿಸಿ ತೋರಿಸಿ ಬೆರಗು ಹುಟ್ಟಿಸಿದ ಸಂಗತಿ ಅವರ ದಿನಚರಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇಂದಿನ ಸ್ಪ್ರಿಂಗ್ ರೈಫಲ್ಲಿನ ವಂಶಾವಳಿ ಬೇರೆ. ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ 1904ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವನ್ನು ಬಿಎಸ್‌ಎ ಕಂಪನಿ ತಯಾರಿಸತೊಡಗಿತು. ಜರ್ಮನಿಯ ರಾಸ್ಟಾಟ್ ಊರಿನಲ್ಲಿ ಡಯಾನಾ ಕಾರ್ಖಾನೆ ಅದಕ್ಕೂ ಮೊದಲೇ, 1890ರಲ್ಲಿ ಶುರುವಾಗಿತ್ತು. ಎರಡನೇ ಮಹಾಯುದ್ಧದ ನಂತರ ಡಯಾನಾದ ಯಂತ್ರಗಳನ್ನು ಮಿತ್ರರಾಷ್ಟ್ರಗಳು ಕಳಚಿ ಬ್ರಿಟನ್ನಿಗೆ ಸಾಗಿಸಿದವು. ಕೆಲವು ಕಾಲ ಸ್ಕಾಟ್ಲೆಂಡಿನಲ್ಲಿ ತಯಾರಾದ ಬಂದೂಕಿನ ಮೇಲೂ ಡಯಾನಾ ಎಂಬ ಹೆಸರಿತ್ತು. ಸೋತ ಜರ್ಮನಿಯಲ್ಲಿ ಮದ್ದಿನ ಬಂದೂಕಿನ ತಯಾರಿಕೆಗೆ ಬಿದ್ದ ಕಡಿವಾಣವೇ ಅಲ್ಲಿನ ಕುಶಲಕರ್ಮಿಗಳನ್ನು ಗಾಳಿಬಂದೂಕಿನತ್ತ ತಿರುಗಿಸಿತು. ವೈರಾಖ್, ವಾಲ್ಟರ್, ಆನ್‌ಶುಟ್ಸ್, ಫೈನ್‌ವೆರ್ಕ್‌ಬೌ ಮುಂತಾದ ಹೆಸರುಗಳು ಗುರಿಕ್ರೀಡೆಯಲ್ಲಿ ಇಂದಿಗೂ ಮುಂಚೂಣಿಯಲ್ಲಿವೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆ ಸೇರಿದ ಮೇಲೆ ಈ ಕಸುಬಿಗೆ ಹೊಸ ಗತ್ತು ಬಂತು.

ಗಾಳಿಯನ್ನು ಒತ್ತುವ ಬಗೆಗಳು

ಸ್ಪ್ರಿಂಗ್ ರೈಫಲ್‌ನಲ್ಲಿ ನಳಿಗೆಯನ್ನು ಮಡಿಸಿದಾಗ, ಅಥವಾ ಅಡಿಯಲ್ಲಿರುವ ಸನ್ನೆಯನ್ನು ಎಳೆದಾಗ, ಒಳಗಿನ ದಪ್ಪ ಸ್ಪ್ರಿಂಗು ಕುಗ್ಗಿ ಪಿಸ್ಟನ್ ಹಿಂದೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದೊಡನೆ ಪಿಸ್ಟನ್ ಮುಂದಕ್ಕೆ ನುಗ್ಗಿ ಎದುರಿನ ಗಾಳಿಯನ್ನು ಹಿಂಡುತ್ತದೆ. ಆ ಗಾಳಿ ಸಣ್ಣ ರಂಧ್ರದ ಮೂಲಕ ಪೆಲೆಟ್ಟಿನ ಬೆನ್ನಿಗೆ ಬಡಿಯುತ್ತದೆ. ಪಿಸ್ಟನ್ ಮುಂದೆ ಹೊರಟಾಗ ಬಂದೂಕು ಹಿಂದಕ್ಕೆ ಸರಿಯುತ್ತದೆ, ಒತ್ತಿದ ಗಾಳಿಗೆ ಪಿಸ್ಟನ್ ಬಡಿದು ನಿಂತಾಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ಈ ಚಲನೆ ನಡೆದಿರುತ್ತದೆ. ಹೀಗಾಗಿ ಬಂದೂಕನ್ನು ಹೇಗೆ ಹಿಡಿದಿದ್ದೇವೆ ಎಂಬುದೇ ಪೆಲೆಟ್ ಎಲ್ಲಿ ಬೀಳುತ್ತದೆ ಎಂಬುದನ್ನು ಬದಲಿಸುತ್ತದೆ. ಭಾರಿ ಕೋವಿ ಹಿಡಿದು ಪಳಗಿದವರು ಸ್ಪ್ರಿಂಗ್ ರೈಫಲ್ ಎತ್ತಿಕೊಂಡು, ಬಿಗಿಯಾಗಿ ಭುಜಕ್ಕೊತ್ತಿ, ಗುರಿ ಚೆದರಿದಾಗ ಬಂದೂಕನ್ನು ಬಯ್ಯುವುದುಂಟು. ಇದಕ್ಕೆ ಬಿಗಿ ಹಿಡಿತ ಒಗ್ಗದು. ಎಡ ಅಂಗೈಯನ್ನು ತೆರೆದು ಅದರ ಮೇಲೆ ಬಂದೂಕನ್ನು ಸುಮ್ಮನೆ ಕೂರಿಸಿ, ಭುಜಕ್ಕೆ ಹಗುರವಾಗಿ ತಾಗಿಸಿ, ಪ್ರತಿ ಸಲವೂ ಅದು ತನ್ನಿಷ್ಟದಂತೆ ಒಂದೇ ರೀತಿ ಸರಿಯಲು ಬಿಡಬೇಕು. ಗಟ್ಟಿ ಮೇಜಿನ ಅಂಚಿಗೆ ಇಟ್ಟು ಹೊಡೆದರೆ ಗುಂಡುಗಳು ಮೇಲಕ್ಕೆ ಚಿಮ್ಮಿ ಬೀಳುವುದು ಇದೇ ಕಾರಣಕ್ಕೆ.

ಈ ಮುಂದೊದೆತಕ್ಕೆ ಇನ್ನೊಂದು ಬಲಿ ದೂರದರ್ಶಕ ಸ್ಕೋಪ್. ಮದ್ದಿನ ರೈಫಲ್‌ಗಾಗಿ ಮಾಡಿದ ಸ್ಕೋಪು ಹಿಂದಕ್ಕೆ ಒದೆಯುವ ಪೆಟ್ಟನ್ನು ತಡೆಯುತ್ತದೆ. ಮುಂದಕ್ಕೆ ಜಗ್ಗುವ ಪೆಟ್ಟಿಗೆ ಅದರ ಒಳಗಿನ ಮಸೂರಗಳು ಸಡಿಲವಾಗಬಹುದು. ಸ್ಪ್ರಿಂಗ್ ಏರ್ ರೈಫಲ್‌ಗೆ ತಕ್ಕುದೆಂದು ತಯಾರಕರು ಹೇಳಿರುವ ಸ್ಕೋಪನ್ನೇ, ಜಾರದಂತೆ ತಡೆಗೂಟವಿರುವ ಹಿಡಿಕೆಗಳಲ್ಲಿ ಕೂರಿಸಬೇಕು.

ಮಡಿಸುವ ನಳಿಗೆಯ ರೈಫಲ್ ಹಗುರ, ಅಗ್ಗ. ಆದರೆ ನಳಿಗೆ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂರಬೇಕು; ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಗುರಿ ಅಲೆದಾಡುತ್ತದೆ. ವೈರಾಖ್ ಎಚ್‌ಡಬ್ಲ್ಯೂ 30 ಮಾದರಿ ಈ ಬಗೆಯಲ್ಲಿ ಚಿಕ್ಕದು, ಸೌಮ್ಯವಾದದ್ದು, ಮತ್ತು ಹೊಸಬರ ಕೈಯಲ್ಲೂ ಆಶ್ಚರ್ಯಕರವಾಗಿ ನೇರವಾಗಿ ಹೊಡೆಯುವಂಥದ್ದು. ನಳಿಗೆ ಕದಲದೆ ಅಡಿಸನ್ನೆಯಿಂದ ಸಜ್ಜಾಗುವ ವೈರಾಖ್ ಎಚ್‌ಡಬ್ಲ್ಯೂ 77, ಎಚ್‌ಡಬ್ಲ್ಯೂ 97 ಹಾಗೂ ಇಂಗ್ಲೆಂಡಿನ ಏರ್ ಆರ್ಮ್ಸ್ ಟಿಎಕ್ಸ್ 200 ಮಾದರಿಗಳು ಸ್ಪ್ರಿಂಗ್ ರೈಫಲ್ಲುಗಳ ಮೇಲ್ದರ್ಜೆ ಎನಿಸಿಕೊಂಡಿವೆ. ಅವುಗಳ ಭಾರವೇ ಅವುಗಳ ಗುಣ, ಹೊಲವಿಡೀ ಹೊತ್ತು ತಿರುಗುವವರಿಗೆ ದೋಷ. ಉಕ್ಕಿನ ಸ್ಪ್ರಿಂಗಿನ ಬದಲು ಒತ್ತಿದ ಅನಿಲದ ದಂಡವನ್ನು ಹಾಕುವ ವಿಧಾನವನ್ನು ಬ್ರಿಟನ್ನಿನ ಥಿಯೋಬೆನ್ ಸಂಸ್ಥೆ 1980ರ ದಶಕದಲ್ಲಿ ಜನಪ್ರಿಯಗೊಳಿಸಿತು. ಸ್ಪ್ರಿಂಗು ಬಿಚ್ಚಿಕೊಳ್ಳುವಾಗಿನ ತಿರುಚು ಮತ್ತು ಕಂಪನ ಅದರಲ್ಲಿಲ್ಲ. ಒದೆತ ಮಾತ್ರ ಇದ್ದೇ ಇದೆ, ಕೆಲವೊಮ್ಮೆ ಇನ್ನೂ ಚುರುಕಾಗಿ.

ಒದೆತವನ್ನೇ ಇಲ್ಲವಾಗಿಸುವ ಪ್ರಯತ್ನಗಳು ಗುರಿಕ್ರೀಡೆಯಲ್ಲಿ ನಡೆದವು. ಡಯಾನಾ ಕೆಲವು ಮಾದರಿಗಳಲ್ಲಿ ಎದುರುಬದುರಾಗಿ ಓಡುವ ಎರಡು ಪಿಸ್ಟನ್ ಇಟ್ಟು ಪೆಟ್ಟನ್ನು ಪರಸ್ಪರ ರದ್ದುಗೊಳಿಸಿತು. ಫೈನ್‌ವೆರ್ಕ್‌ಬೌ 300 ಮಾದರಿಯಲ್ಲಿ ಬಂದೂಕಿನ ಯಂತ್ರಭಾಗವೇ ಮರದ ಮೇಲೆ ಹಳಿಗಳಲ್ಲಿ ಹಿಂದಕ್ಕೆ ಜಾರುತ್ತದೆ; ಭುಜಕ್ಕೆ ಏನೂ ತಿಳಿಯುವುದಿಲ್ಲ. ಆಮೇಲೆ ಒಂದೇ ಎಳೆತದಲ್ಲಿ ಗಾಳಿಯನ್ನು ಒತ್ತಿಟ್ಟುಕೊಳ್ಳುವ ರೈಫಲ್‌ಗಳು ಬಂದವು. ಇಂಗಾಲದ ಡೈಆಕ್ಸೈಡ್ ತುಂಬಿದವೂ ಬಂದವು, ಆದರೆ ಆ ಅನಿಲದ ಒತ್ತಡ ಹವೆಯ ಉಷ್ಣತೆಯೊಂದಿಗೆ ಏರಿಳಿಯುತ್ತದೆ. ಮುಂಜಾನೆ ಸರಿಮಾಡಿಕೊಂಡ ಗುರಿ ಮಧ್ಯಾಹ್ನಕ್ಕೆ ಸರಿಯಿರುವುದಿಲ್ಲ.

ಕೊನೆಗೆ ಗೆದ್ದದ್ದು ಗಿರಾರ್ಡೋನಿಯ ಹಳೆಯ ಉಪಾಯವೇ: ಮೊದಲೇ ಗಾಳಿ ತುಂಬಿದ ಸಿಲಿಂಡರ್. ಇದನ್ನು ಪಿಸಿಪಿ ಎನ್ನುತ್ತಾರೆ. ಸಾಮಾನ್ಯವಾಗಿ 200 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದ ಗಾಳಿಯನ್ನು ಮುಳುಗುಗಾರರ ಸಿಲಿಂಡರಿನಿಂದಲೋ ಕೈಪಂಪಿನಿಂದಲೋ ತುಂಬುತ್ತಾರೆ. ಟ್ರಿಗರ್ ಎಳೆದಾಗ ಸಣ್ಣ ಸುತ್ತಿಗೆಯೊಂದು ಕವಾಟಕ್ಕೆ ಬಡಿದು ಅಳತೆಯ ಗಾಳಿಯನ್ನು ಬಿಡುತ್ತದೆ. ಭಾರವಾದ ಪಿಸ್ಟನ್ ಇಲ್ಲ, ಹಾಗಾಗಿ ಹೇಳಿಕೊಳ್ಳುವಂಥ ಒದೆತವೂ ಇಲ್ಲ. ಹೊಸಬರೊಬ್ಬರ ಕೈಗೆ ಸ್ಪ್ರಿಂಗ್ ರೈಫಲನ್ನೂ ಪಿಸಿಪಿಯನ್ನೂ ಕೊಟ್ಟರೆ ವ್ಯತ್ಯಾಸ ಮೊದಲ ಕಾಗದದಲ್ಲೇ ಕಾಣುತ್ತದೆ. ಸಿಲಿಂಡರಿನ ಒತ್ತಡ ಇಳಿದಂತೆ ವೇಗ ಬದಲಾಗುವುದು ಇದರ ಸಹಜ ದೌರ್ಬಲ್ಯ. ಒತ್ತಡವನ್ನು ಒಂದೇ ಮಟ್ಟಕ್ಕೆ ಕಟ್ಟುವ ರೆಗ್ಯುಲೇಟರ್ ಇದ್ದರೆ ಅದು ಬಹುಮಟ್ಟಿಗೆ ನೀಗುತ್ತದೆ. ಕೊಳ್ಳುವಾಗ ಲೆಕ್ಕಕ್ಕೆ ಸೇರಿಸಬೇಕಾದದ್ದು ಬಂದೂಕಿನ ಬೆಲೆಯೊಂದೇ ಅಲ್ಲ. ಪಂಪು ಅಥವಾ ಸಿಲಿಂಡರು, ಅದನ್ನು ತುಂಬಿಸಲು ಸಿಗುವ ಜಾಗ, ವರ್ಷಗಳ ನಂತರ ಬದಲಿಸಬೇಕಾದ ರಬ್ಬರಿನ ಉಂಗುರಗಳೂ ಸೇರಬೇಕು. ಇವೆಲ್ಲ ಹತ್ತಿರದಲ್ಲಿ ಸಿಗದ ಊರಿನವರಿಗೆ ಒಳ್ಳೆಯ ಸ್ಪ್ರಿಂಗ್ ರೈಫಲ್ಲೇ ಜಾಣ ಆಯ್ಕೆ.

ನಳಿಗೆ ಮತ್ತು ಪೆಲೆಟ್

ಡಮರುವಿನ ಆಕಾರದ ಪೆಲೆಟ್ಟಿಗೆ ಡಯಬೊಲೊ ಎಂದು ಹೆಸರು: ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ತೆಳು ಲಂಗ. ಗಾಳಿ ಒತ್ತಿದಾಗ ಲಂಗ ಅರಳಿ ನಳಿಗೆಯ ಗೋಡೆಗೆ ಅಂಟುತ್ತದೆ, ಗೀರುಗಳನ್ನು ಹಿಡಿಯುತ್ತದೆ. ಹಾರುವಾಗ ಹಿಂಬದಿಯ ಮೇಲೆ ಬೀಳುವ ಗಾಳಿಯ ಎಳೆತ ತಲೆಯನ್ನು ಮುಂದಕ್ಕೇ ಇರಿಸುತ್ತದೆ. ತಿರುಗುವಿಕೆ ಮತ್ತು ಎಳೆತ ಎರಡೂ ಸೇರಿ ಅದನ್ನು ಸ್ಥಿರವಾಗಿಡುತ್ತವೆ. ಅದೇ ಎಳೆತದಿಂದಾಗಿ ಪೆಲೆಟ್ ಬೇಗ ವೇಗ ಕಳೆದುಕೊಳ್ಳುತ್ತದೆ. ಜನವಸತಿಯ ಹತ್ತಿರ ಬಳಸುವ ಬಂದೂಕಿಗೆ ಇದು ವರವೂ ಹೌದು.

ಜರ್ಮನಿಯ ಎಚ್ ಆ್ಯಂಡ್ ಎನ್, ಆರ್‌ಡಬ್ಲ್ಯೂಎಸ್, ಚೆಕ್ ಗಣರಾಜ್ಯದ ಜೆಎಸ್‌ಬಿ ಇವು ಹೆಸರಾಂತ ಪೆಲೆಟ್ ತಯಾರಕರು. ಒಂದೇ ಮಾದರಿಯನ್ನು 4.50, 4.51, 4.52 ಮಿ.ಮೀ. ಎಂದು ತಲೆಯ ಅಳತೆ ಬದಲಿಸಿ ಮಾರುತ್ತಾರೆ. ಮಿಲಿಮೀಟರಿನ ನೂರರಲ್ಲೊಂದು ಪಾಲಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನಿಸಬಹುದು. ಬೇಕು. ಒಂದೇ ಕಾರ್ಖಾನೆಯಲ್ಲಿ ಬೆನ್ನುಬೆನ್ನಿಗೆ ತಯಾರಾದ ಎರಡು ನಳಿಗೆಗಳೂ ಬೇರೆ ಬೇರೆ ಪೆಲೆಟ್ಟನ್ನು ಇಷ್ಟಪಡುವುದುಂಟು. ಗೆಳೆಯನ ಬಂದೂಕಿನಲ್ಲಿ ಒಂದೇ ತೂತು ಮಾಡಿದ ಡಬ್ಬಿ ನಮ್ಮದರಲ್ಲಿ ಚೆಲ್ಲಾಪಿಲ್ಲಿಯಾಗಬಹುದು. ಆದ್ದರಿಂದ ಹೊಸ ರೈಫಲ್ ಕೊಂಡವರು ಐದಾರು ಬಗೆಯ ಪೆಲೆಟ್‌ಗಳ ಡಬ್ಬಿ ತಂದು, ಗಾಳಿಯಿಲ್ಲದ ಜಾಗದಲ್ಲಿ, ಒಂದೇ ದೂರದಿಂದ ಹೊಡೆದು ನೋಡುವುದೇ ಮೊದಲ ಕೆಲಸ. ಬಗೆ ಬದಲಿಸಿದಾಗ ನಳಿಗೆಗೆ ಹೊಸ ಸೀಸ ಹಿಡಿಯಲು ಹತ್ತಿಪ್ಪತ್ತು ಗುಂಡು ಬೇಕು; ಅವನ್ನು ಲೆಕ್ಕಕ್ಕೆ ಹಿಡಿಯಬಾರದು.

ಅಳೆಯುವ ಕ್ರಮದಲ್ಲೂ ಸ್ವಲ್ಪ ಪ್ರಾಮಾಣಿಕತೆ ಬೇಕು. ಅತಿ ದೂರದ ಎರಡು ತೂತುಗಳ ಕೇಂದ್ರದಿಂದ ಕೇಂದ್ರಕ್ಕೆ ಇರುವ ಅಂತರವೇ ಗುಂಪಿನ ಅಳತೆ. ಐದು ಗುಂಡುಗಳ ಒಂದು ಗುಂಪು ಅದೃಷ್ಟದಿಂದಲೂ ಚಿಕ್ಕದಾಗಬಹುದು, ಮತ್ತು ಜನ ಜೇಬಿನಲ್ಲಿಟ್ಟು ತೋರಿಸುವುದು ಸಾಮಾನ್ಯವಾಗಿ ಅಂಥದ್ದನ್ನೇ. ಹತ್ತು ಗುಂಡುಗಳ ಹಲವು ಗುಂಪುಗಳ ಸರಾಸರಿ ನಿಜಕ್ಕೆ ಹತ್ತಿರ.

ತಲೆಯ ಆಕಾರ ಕೆಲಸಕ್ಕೆ ತಕ್ಕಂತೆ. ಚಪ್ಪಟೆ ತಲೆಯದು ಕಾಗದದಲ್ಲಿ ದುಂಡಗೆ ಕತ್ತರಿಸಿದಂಥ ತೂತು ಮಾಡುತ್ತದೆ, ಅಂಕ ಎಣಿಸಲು ಸುಲಭ; ಆದರೆ 20–25 ಮೀಟರ್ ದಾಟಿದರೆ ಅಲೆಯತೊಡಗುತ್ತದೆ. ದೂರಕ್ಕೆ ಗುಂಡುತಲೆಯದೇ ಉತ್ತಮ. ಚೂಪುತಲೆಯ ಪೆಲೆಟ್ ನೋಡಲು ಭಯಂಕರ, ನಿಖರತೆಯಲ್ಲಿ ಬಹುತೇಕ ಹಿಂದೆ. ತುದಿಯನ್ನು ಸರಿಯಾಗಿ ಮಧ್ಯಕ್ಕೆ ತರುವುದು ಕಷ್ಟ.

ನಳಿಗೆಯಲ್ಲಿ ನೋಡಬೇಕಾದದ್ದು ಎರಡು. ಬಾಯಿಯ ಬಳಿ ಕೊಂಚ ಕಿರಿದಾಗಿಸಿದ ನಳಿಗೆ, ಅದನ್ನು ಚೋಕ್ ಎನ್ನುತ್ತಾರೆ, ಎಲ್ಲ ಪೆಲೆಟ್ಟುಗಳನ್ನೂ ಒಂದೇ ಅಳತೆಗೆ ತಂದು ಬಿಡುತ್ತದೆ. ಇನ್ನೊಂದು, ನಳಿಗೆಯ ಬಾಯಂಚು. ಪೆಲೆಟ್ ಕೊನೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಒಂದು ಗೀಚು, ಒಂದು ತುಕ್ಕಿನ ಚುಕ್ಕಿ ಇದ್ದರೆ ಹಿಂದಿನಿಂದ ಬರುವ ಗಾಳಿ ಒಂದು ಬದಿಯಿಂದ ಮೊದಲು ನುಸುಳಿ ಪೆಲೆಟ್ಟನ್ನು ಓರೆ ಮಾಡುತ್ತದೆ.

ವೇಗದ ಜಾಹೀರಾತು

ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 1,200 ಅಡಿ ಎಂದು ದೊಡ್ಡದಾಗಿ ಬರೆದ ರೈಫಲ್‌ಗಳು ಮಾರುಕಟ್ಟೆಯಲ್ಲಿ ಹೇರಳ. ಈ ಅಂಕಿ ಬರುವುದು ಸಾಮಾನ್ಯವಾಗಿ ಹಗುರ ಲೋಹದ ಪೆಲೆಟ್ ಹಾಕಿ ಅಳೆದಾಗ. ಆ ವೇಗ ನಿಜವೇ ಆದರೂ ಅದರಿಂದ ಕೆಡುಕೇ ಹೆಚ್ಚು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ 1,100 ಅಡಿಗಿಂತ ತುಸು ಹೆಚ್ಚು. ಅದರ ಆಸುಪಾಸಿನಲ್ಲಿ ಹಾರುವ ಡಯಬೊಲೊ ಪೆಲೆಟ್ಟಿನ ಸುತ್ತಲಿನ ಗಾಳಿ ಕದಡಿ ಅದು ಹೊಯ್ದಾಡುತ್ತದೆ. ಛಟೀರೆಂಬ ಸದ್ದು ಬೇರೆ. ಅನುಭವಿಗಳು ಸೆಕೆಂಡಿಗೆ 240–280 ಮೀಟರ್ ದಾಟದಂತೆ ಭಾರವಾದ ಪೆಲೆಟ್ ಆರಿಸಿಕೊಳ್ಳುತ್ತಾರೆ. ಅಗ್ಗದ ಬಂದೂಕಿಗೆ ಗಡಸು ಸ್ಪ್ರಿಂಗು ಹಾಕಿ ವೇಗ ಹೆಚ್ಚಿಸುವುದು ತಯಾರಕರಿಗೆ ಸುಲಭ. ಒಳ್ಳೆಯ ನಳಿಗೆ ಮತ್ತು ಒಳ್ಳೆಯ ಟ್ರಿಗರ್ ಕೊಡುವುದು ದುಬಾರಿ. ವೇಗದ ಅಂಕಿ ಅಷ್ಟು ದೊಡ್ಡ ಅಕ್ಷರದಲ್ಲಿ ಇರುವುದರ ಗುಟ್ಟು ಇಷ್ಟೇ.

ಟ್ರಿಗರ್ ವಿಷಯದಲ್ಲಿ ಕೈಯೇ ಪರೀಕ್ಷಕ. ಒಳ್ಳೆಯ ಎರಡು ಹಂತದ ಟ್ರಿಗರ್ ಮೊದಲು ಸಲೀಸಾಗಿ ಹಿಂದೆ ಬಂದು, ಒಂದು ಕಡೆ ತಡೆದು ನಿಂತು, ಅಲ್ಲಿಂದ ಎಳೆದಾಟವಿಲ್ಲದೆ ಬಿಡಬೇಕು. ವೈರಾಖ್ ಸಂಸ್ಥೆಯ ರೆಕಾರ್ಡ್ ಟ್ರಿಗರ್ ದಶಕಗಳಿಂದ ಹೆಸರು ಉಳಿಸಿಕೊಂಡಿರುವುದು ಈ ಗುಣದಿಂದ.

ಹತ್ತು ಮೀಟರಿನ ಲೋಕ

ಅಂತರರಾಷ್ಟ್ರೀಯ ನಿಯಮದಂತೆ 10 ಮೀಟರ್ ಏರ್ ರೈಫಲ್ 4.5 ಮಿ.ಮೀ. ಅಳತೆಯದಾಗಿರಬೇಕು, ತೂಕ 5.5 ಕಿಲೋ ಮೀರಬಾರದು, ಸ್ಕೋಪ್ ಇರಬಾರದು. ಹಿಂದೆ ಸಣ್ಣ ರಂಧ್ರದ ಗುರಿಕಂಡಿ, ಮುಂದೆ ಉಂಗುರ. ಎರಡರ ನಡುವೆ ಕಪ್ಪು ವೃತ್ತವನ್ನು ಕೂರಿಸಬೇಕು. ಇಡೀ ಗುರಿಯ ಅಗಲ 45.5 ಮಿ.ಮೀ., ನಡುವಿನ ಹತ್ತರ ಚುಕ್ಕಿ ಅರ್ಧ ಮಿ.ಮೀ. ಮಾತ್ರ. ಅಂಕಗಳನ್ನು ದಶಮಾಂಶದಲ್ಲಿ ಎಣಿಸುತ್ತಾರೆ, ಗರಿಷ್ಠ 10.9. ಪೆಲೆಟ್ಟಿನ ಕೇಂದ್ರ ಗುರಿಯ ಕೇಂದ್ರದಿಂದ ಎರಡೂವರೆ ಮಿ.ಮೀ. ಒಳಗಿದ್ದರೆ 10 ಸಿಗುತ್ತದೆ. ಅಲ್ಲಿಂದ ಒಳಕ್ಕೆ ಕಾಲು ಕಾಲು ಮಿ.ಮೀ.ಗೆ ಒಂದೊಂದು ದಶಮಾಂಶ. ಅರ್ಹತಾ ಸುತ್ತಿನಲ್ಲಿ 60 ಗುಂಡು, 75 ನಿಮಿಷ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಅರ್ಜುನ್ ಬಬುತಾ 630.1 ಅಂಕ ಪಡೆದು ಏಳನೆಯವರಾಗಿ ಫೈನಲ್ ತಲುಪಿದರು, ನಾಲ್ಕನೆಯವರಾಗಿ ಮುಗಿಸಿದರು. ಗುಂಡೊಂದಕ್ಕೆ ಸರಾಸರಿ ಹತ್ತೂವರೆ. ಅಂದರೆ ಕೇಂದ್ರದಿಂದ ಸರಾಸರಿ ಸುಮಾರು ಒಂದೂಕಾಲು ಮಿ.ಮೀ. ಆಚೀಚೆ.

ಈ ಕೆಲಸ ಮಾಡುವ ರೈಫಲ್‌ನ ಶಕ್ತಿ ಎಷ್ಟು? ಪೆಲೆಟ್ ಹೊರಡುವ ವೇಗ ಸೆಕೆಂಡಿಗೆ ಸುಮಾರು 170 ಮೀಟರ್, ಶಕ್ತಿ ಏಳೆಂಟು ಜೂಲ್. ಹತ್ತು ಮೀಟರ್ ದಾಟಲು ಸೆಕೆಂಡಿನ ನೂರರಲ್ಲಿ ಆರು ಪಾಲು ಬೇಕು. ಹಣವೆಲ್ಲ ಹೋಗುವುದು ನಳಿಗೆ, ರೆಗ್ಯುಲೇಟರ್, ಟ್ರಿಗರ್‌ಗಳಿಗೆ. ಉಳಿದದ್ದು ಕೆನ್ನೆಗೂ ಭುಜಕ್ಕೂ ಅಂಗೈಗೂ ಬೇಕಾದಂತೆ ಎಲ್ಲ ದಿಕ್ಕಿಗೂ ಸರಿಯುವ ಲೋಹದ ಚೌಕಟ್ಟಿಗೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ ರೈಫಲ್ ಆರಿಸುವಾಗ ಈ ಹೊಂದಾಣಿಕೆಯೇ ಮೊದಲು ನೋಡಬೇಕಾದದ್ದು. ಮೈಗೆ ಕೂರದ ಬಂದೂಕಿನಲ್ಲಿ ಕಲಿತ ಭಂಗಿ ಆಮೇಲೆ ಬಿಡದು.

2008ರ ಬೀಜಿಂಗ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ ಮುನ್ನ ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಜೊತೆ ಸಮಬಲದಲ್ಲಿದ್ದರು. ಬಿಂದ್ರಾ 10.8 ಹೊಡೆದರು, ಹ್ಯಾಕಿನೆನ್ 9.7. ಒಟ್ಟು 700.5 ಅಂಕಗಳೊಂದಿಗೆ ಅದು ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನವಾಯಿತು. 2012ರಲ್ಲಿ ಗಗನ್ ನಾರಂಗ್ ಇದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಕರ್ನಾಟಕದ ನಂಟೂ ಇದೆ: ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಏಷ್ಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಪಡೆದರು, ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ ತಲುಪಿದರು, ಮುಂದೆ ಭಾರತ ತಂಡದ ತರಬೇತುದಾರರಾದರು. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದಾಗ ಇನ್ನೂ ಶಾಲಾ ಬಾಲಕಿ.

ಬ್ರಿಟನ್ನಿನ ಚಿಕ್ಕ ಬೇಟೆ

ಏರ್ ರೈಫಲ್‌ನಿಂದ ಚಿಕ್ಕ ಪ್ರಾಣಿಗಳನ್ನು ಬೇಟೆಯಾಡುವ ಪದ್ಧತಿ ತನ್ನದೇ ಶಿಸ್ತಾಗಿ ಬೆಳೆದದ್ದು ಬ್ರಿಟನ್ನಿನಲ್ಲಿ. ಅಲ್ಲಿ ಮೊಲ ಬೆಳೆಯ ಶತ್ರು. 1880ರ ಕಾನೂನೊಂದು ಹೊಲ ಉಳುವವರಿಗೆ ತಮ್ಮ ನೆಲದ ಮೊಲಗಳನ್ನು ಕೊಲ್ಲುವ ಹಕ್ಕನ್ನು ಕೊಟ್ಟಿತು. ಕಾಡುಪಾರಿವಾಳವನ್ನು ಸರ್ಕಾರ ಹೊರಡಿಸುವ ಸಾಮಾನ್ಯ ಪರವಾನಗಿಯ ಷರತ್ತುಗಳಡಿ ಹೊಡೆಯಬಹುದು. ಕಂದು ಇಲಿ ಮತ್ತು ಅಮೆರಿಕದಿಂದ ಬಂದ ಬೂದು ಅಳಿಲುಗಳೂ ಪಟ್ಟಿಯಲ್ಲಿವೆ. ಜಮೀನಿನ ಒಡೆಯರ ಅನುಮತಿ ಇರಲೇಬೇಕು. ಇಂಗ್ಲೆಂಡಿನಲ್ಲಿ 12 ಅಡಿ-ಪೌಂಡ್, ಅಂದರೆ ಸುಮಾರು 16.3 ಜೂಲ್ ಮೀರಿದ ಏರ್ ರೈಫಲ್‌ಗೆ ಬಂದೂಕಿನ ಪ್ರಮಾಣಪತ್ರ ಬೇಕು. ಸ್ಕಾಟ್ಲೆಂಡ್ 2016ರ ಕೊನೆಯಿಂದ ಅದಕ್ಕಿಂತ ಕಡಿಮೆಯವಕ್ಕೂ ಪರವಾನಗಿ ಕಡ್ಡಾಯ ಮಾಡಿದೆ.

ಈ 12 ಅಡಿ-ಪೌಂಡಿನ ಗೆರೆಯೇ ಅಲ್ಲಿನ ಬೇಟೆಗಾರರನ್ನು ನಿಖರತೆಯತ್ತ ತಳ್ಳಿತು ಎನ್ನಬಹುದು. ಇಷ್ಟು ಶಕ್ತಿಯ ಪೆಲೆಟ್ ಪ್ರಾಣಿಯ ಮೈಗೆಲ್ಲಾದರೂ ತಾಗಿದರೆ ಅದು ಗಾಯಗೊಂಡು ಬಿಲದಲ್ಲಿ ನರಳಿ ಸಾಯುತ್ತದೆ. ಮಿದುಳಿಗೆ ತಾಗಿದರೆ ಮಾತ್ರ ತಕ್ಷಣ ಬೀಳುತ್ತದೆ. ಮೊಲದ ತಲೆಯಲ್ಲಿ ಆ ಜಾಗದ ಅಗಲ ಹೆಚ್ಚೆಂದರೆ ಮೂರು ಸೆಂ.ಮೀ. ಆದ್ದರಿಂದ ಅಲ್ಲಿನ ಅಲಿಖಿತ ನಿಯಮ: ಯಾವ ದೂರದಿಂದ ಪ್ರತಿ ಗುಂಡನ್ನೂ ನಾಣ್ಯದಗಲದ ವೃತ್ತದೊಳಗೆ ಹಾಕಬಲ್ಲಿರೋ ಅದೇ ನಿಮ್ಮ ಬೇಟೆಯ ಮಿತಿ, ಬಂದೂಕಿನ ಕಾಗದ ಏನನ್ನೇ ಹೇಳಲಿ. ಮೇಜಿನ ಮೇಲಿಂದಲ್ಲ, ಮಂಡಿಯೂರಿ, ಬೇಲಿಗೊರಗಿ, ಉಸಿರು ಏರಿಳಿಯುವಾಗ. ಬಹುಪಾಲು ಜನರಿಗೆ ಆ ದೂರ 30 ಮೀಟರಿನ ಆಸುಪಾಸಿನಲ್ಲೇ ಮುಗಿಯುತ್ತದೆ.

.177 ಅಥವಾ .22 ಎಂಬ ವಾದ ಅಲ್ಲಿನ ಹೋಟೆಲು ಕಟ್ಟೆಗಳಲ್ಲಿ ಇನ್ನೂ ತಣಿದಿಲ್ಲ. 16.3 ಜೂಲ್ ಮಿತಿಯೊಳಗೆ 0.55 ಗ್ರಾಮಿನ ಚಿಕ್ಕ ಪೆಲೆಟ್ ಸೆಕೆಂಡಿಗೆ ಸುಮಾರು 244 ಮೀಟರ್ ವೇಗದಲ್ಲಿ ಹೊರಡುತ್ತದೆ. ಒಂದು ಗ್ರಾಮಿನ ದೊಡ್ಡದು ಸುಮಾರು 180ರಲ್ಲಿ. 40 ಮೀಟರಿಗೆ ಮೊದಲನೆಯದು ನಳಿಗೆಯ ನೇರದಿಂದ 16 ಸೆಂ.ಮೀ. ಆಸುಪಾಸು ಇಳಿದರೆ, ಎರಡನೆಯದು 28ರಷ್ಟು ಇಳಿಯುತ್ತದೆ. ದೂರವನ್ನು ಕಣ್ಣಳತೆಯಲ್ಲಿ ಐದು ಮೀಟರ್ ತಪ್ಪಾಗಿ ಊಹಿಸಿದರೆ ಚಿಕ್ಕ ಪೆಲೆಟ್ ಇನ್ನೂ ಕ್ಷಮಿಸಬಹುದು, ದೊಡ್ಡದು ಕ್ಷಮಿಸದು. ದೊಡ್ಡದರ ಪೆಟ್ಟು ಹೆಚ್ಚು ಅಗಲ ಎಂಬುದು ಎದುರು ವಾದ. ಸರಿಯಾದ ಜಾಗಕ್ಕೆ ತಾಗದ ಪೆಟ್ಟು ಅಗಲವಾಗಿದ್ದರೂ ಉಪಯೋಗವಿಲ್ಲ, ನಿಖರತೆಯೇ ಗುರಿಯಾದವರು .177 ಕಡೆ ವಾಲುವುದೇ ಸರಿ. ಪಕ್ಕಗಾಳಿ ಎರಡನ್ನೂ ಕಾಡುತ್ತದೆ. ಸಾಧಾರಣ ಗಾಳಿಯೂ ಆ ದೂರದಲ್ಲಿ ಪೆಲೆಟ್ಟನ್ನು ಕೆಲವು ಸೆಂ.ಮೀ. ಪಕ್ಕಕ್ಕೆ ಒಯ್ಯುತ್ತದೆ.

ಇದೇ ಕೌಶಲವನ್ನು ಪ್ರಾಣಿಯಿಲ್ಲದೆ ಪರೀಕ್ಷಿಸುವ ಆಟ ಫೀಲ್ಡ್ ಟಾರ್ಗೆಟ್. 1980ರಲ್ಲಿ ಸಸೆಕ್ಸ್ ಪ್ರಾಂತ್ಯದ ಮ್ಯಾಗ್‌ಹ್ಯಾಮ್ ಡೌನ್‌ನಲ್ಲಿ ಶುರುವಾಯಿತು. ಮೊಲ, ಹಕ್ಕಿಗಳ ಆಕಾರದ ತಗಡಿನ ಹಲಗೆಗಳನ್ನು ತೋಪಿನಲ್ಲಿ ಅಲ್ಲಲ್ಲಿ ನಿಲ್ಲಿಸಿರುತ್ತಾರೆ. ನಡುವಿನ ಪುಟ್ಟ ತೂತಿನೊಳಗೆ ಪೆಲೆಟ್ ಹೋದರೆ ಹಲಗೆ ಬೀಳುತ್ತದೆ, ಅಂಚಿಗೆ ತಾಗಿದರೆ ಬೀಳದು. ದೂರವನ್ನು ಸ್ಪರ್ಧಿಯೇ ಅಂದಾಜಿಸಬೇಕು.

ಭಾರತದ ಕಾನೂನು

2016ರ ಆಯುಧ ನಿಯಮಗಳಂತೆ 20 ಜೂಲ್ ಮೀರಿದ ಶಕ್ತಿಯ, ಅಥವಾ 4.5 ಮಿ.ಮೀ.ಗಿಂತ ದೊಡ್ಡ ಅಳತೆಯ ಏರ್ ರೈಫಲ್‌ಗೆ ಪರವಾನಗಿ ಬೇಕು. ಹಾಗಾಗಿ ಸೌಮ್ಯವಾದದ್ದೇ ಆಗಿರಲಿ, .22 ಇಲ್ಲಿ ಪರವಾನಗಿಯ ಬಂದೂಕು. ಎರಡೂ ಮಿತಿಯೊಳಗಿನದನ್ನು ಗುರುತು ಮತ್ತು ವಿಳಾಸದ ದಾಖಲೆ ಕೊಟ್ಟು ಕೊಳ್ಳಬಹುದು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಬೇರೆಯದೇ ವಿಷಯ. ಆದರೆ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಆ ನಾಡಿನ ಸ್ಪರ್ಧೆಗಳಲ್ಲಿ ಏರ್‌ಗನ್ ವಿಭಾಗವೂ ಈಗ ಕಾಣಿಸಿಕೊಳ್ಳುತ್ತದೆ.

ಬೇಟೆಯ ಮಾತು ಇಲ್ಲಿ ನಡೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿರುವ ಯಾವ ಪ್ರಾಣಿಪಕ್ಷಿಯನ್ನೂ ಬೇಟೆಯಾಡುವಂತಿಲ್ಲ. ನಮ್ಮ ಹೊಲದ ಮೊಲವೂ ಅದರಲ್ಲಿದೆ. ಬಂದೂಕು ಪರವಾನಗಿಯಿಲ್ಲದೆ ಸಿಗುತ್ತದೆ ಎಂದಮಾತ್ರಕ್ಕೆ ಹಕ್ಕಿ ಹೊಡೆಯುವ ಪರವಾನಗಿ ಸಿಕ್ಕಂತಲ್ಲ. ಬಾಲಕ ಸಲೀಂ ಅಲಿ ಏರ್‌ಗನ್‌ನಿಂದ ಹೊಡೆದ ಹಳದಿ ಕೊರಳಿನ ಗುಬ್ಬಿಯೊಂದರ ಗುರುತು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿ, ದೇಶದ ದೊಡ್ಡ ಪಕ್ಷಿತಜ್ಞರಾದ ಕಥೆ ಪ್ರಸಿದ್ಧ. ಅದು ಕಳೆದ ಶತಮಾನದ ಮೊದಲ ದಶಕದ ಮಾತು. ಇಂದು ಅದೇ ಗುಂಡಿಗೆ ಮೊಕದ್ದಮೆ ಬೀಳುತ್ತದೆ.

ಮಲೆನಾಡಿನ ತೋಟಗಳಲ್ಲಿ ಮಂಗನನ್ನು ಓಡಿಸಲು ಏರ್‌ಗನ್ ಇಟ್ಟುಕೊಳ್ಳುವವರಿದ್ದಾರೆ. ಪೆಲೆಟ್ ತಾಗಿದ ಮಂಗ ಕೂಡಲೇ ಸಾಯದೆ ಗಾಯ ಕೊಳೆತು ಒದ್ದಾಡುತ್ತದೆ. ಪಾಪ ಬೇಡವೆಂದು ಪೆಲೆಟ್ ಹಾಕದೆ ಸದ್ದಿಗಾಗಿ ಹೊಡೆಯುವವರೂ ಇದ್ದಾರೆ. ಆಗ ಕೆಡುವುದು ಬಂದೂಕು. ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ಇಲ್ಲದಿದ್ದರೆ ಗಾಳಿಗೆ ತಡೆಯಿರುವುದಿಲ್ಲ, ಪಿಸ್ಟನ್ ನೇರವಾಗಿ ಸಿಲಿಂಡರಿನ ಗೋಡೆಗೆ ಅಪ್ಪಳಿಸುತ್ತದೆ.

ಹಳೆಯದನ್ನು ಕೊಳ್ಳುವಾಗ, ಇಟ್ಟುಕೊಳ್ಳುವಾಗ

ಹಳೆಯ ಸ್ಪ್ರಿಂಗ್ ರೈಫಲ್ ಚೌಕಾಸಿಯ ವಸ್ತು. ಸಜ್ಜುಗೊಳಿಸುವಾಗ ಕಿರಗುಟ್ಟಿದರೆ, ಹೊಡೆದಾಗ ಝಣ್ ಎಂದು ಕಂಪಿಸಿದರೆ ಸ್ಪ್ರಿಂಗು ಬಾಗಿದೆ ಎಂದರ್ಥ. ಅದು ಬದಲಿಸಬಹುದಾದ ದೋಷ. ನಳಿಗೆಯ ಒಳಗೆ ತುಕ್ಕಿನ ಗುಳಿಗಳಿದ್ದರೆ ಅದು ಬದಲಿಸಲಾಗದ ದೋಷವೆಂದೇ ತಿಳಿಯಬೇಕು. ಹೊಡೆದಾಗ ಹೊಗೆ ಬಂದು ಸುಟ್ಟ ಎಣ್ಣೆಯ ವಾಸನೆ ಬಂದರೆ ಹಿಂದಿನವರು ಸಿಲಿಂಡರಿಗೆ ಎಣ್ಣೆ ಸುರಿದಿದ್ದಾರೆ. ಒತ್ತಿದ ಗಾಳಿಯ ಬಿಸಿಗೆ ಆ ಎಣ್ಣೆ ಹೊತ್ತಿಕೊಂಡು ವೇಗ ಒಂದು ಸಲ ಏರಿ ಒಂದು ಸಲ ಇಳಿಯುತ್ತದೆ, ಸೀಲು ಸುಟ್ಟುಹೋಗುತ್ತದೆ. ಪಿಸಿಪಿಯಾದರೆ ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಮಾಪಕದ ಮುಳ್ಳು ಇಳಿದಿದೆಯೇ ನೋಡಿ ಮುಂಗಡ ಕೊಡುವುದು ಕ್ಷೇಮ.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಬಂದೂಕನ್ನು ಸ್ಪಂಜಿನ ಚೀಲದಲ್ಲಿ ಮುಚ್ಚಿಡಬಾರದು. ಚೀಲ ತೇವ ಹೀರಿ ಉಕ್ಕಿಗೆ ಉಣಿಸುತ್ತದೆ. ಹೊರಮೈಗೆ ತೆಳ್ಳಗೆ ಎಣ್ಣೆ ಸವರಿ ಗಾಳಿಯಾಡುವ ಬೀರುವಿನಲ್ಲಿ ಬೀಗ ಹಾಕಿ ನಿಲ್ಲಿಸಬೇಕು. ನಳಿಗೆಯನ್ನು ಪದೇ ಪದೇ ಉಜ್ಜುವ ಅಗತ್ಯವಿಲ್ಲ. ಗುಂಪು ಅಗಲವಾಗುತ್ತ ಬಂದಾಗ ಮೆತ್ತನೆಯ ಬಟ್ಟೆಯನ್ನು ಹಿಂಬದಿಯಿಂದ ಎಳೆದು ತೆಗೆದರೆ ಸಾಕು. ಪೆಲೆಟ್ ಸೀಸದ್ದಾದ್ದರಿಂದ ಬಾಯಲ್ಲಿ ಕಚ್ಚಿಕೊಳ್ಳುವ ಹಳೆಯ ಚಾಳಿ ಬಿಡಬೇಕು, ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಗುರಿಯ ಹಿಂದೆ ಪೆಲೆಟ್ ಸಿಡಿಯದಂತೆ ಹಿಡಿಯುವ ಪೆಟ್ಟಿಗೆಯಿರಲಿ. ಇಟ್ಟಿಗೆ ಗೋಡೆಗೆ ಅಥವಾ ಗಟ್ಟಿ ಮರಕ್ಕೆ ಬಡಿದ ಪೆಲೆಟ್ ಹೊಡೆದವರತ್ತಲೇ ತಿರುಗಿ ಬರಬಲ್ಲದು, ಹತ್ತು ಮೀಟರ್ ಅದಕ್ಕೆ ದೂರವಲ್ಲ. ಕಣ್ಣಿಗೆ ಕನ್ನಡಕ ಹಾಕದೆ ಯಾವ ಒಳ್ಳೆಯ ಶೂಟಿಂಗ್ ಅಂಗಳದಲ್ಲೂ ಹೊಸಬರ ಕೈಗೆ ರೈಫಲ್ ಕೊಡುವುದಿಲ್ಲ.